ಬರೋಡೆಯ ಗಾಯನಶಾಲೆ: ಹಳೆಯ ವಿದ್ಯಾರ್ಥಿಯ ಹಕ್ಕು ಮತ್ತು ಹೊಣೆ

ಗುಜರಾತ್ ವಿಧಾನಸಭೆಯು 2023ರ ಸೆಪ್ಟೆಂಬರ್ ತಿಂಗಳಲ್ಲಿ ಅಂಗೀಕರಿಸಿದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯಿದೆಯು ರಾಜ್ಯದ 11 ವಿಶ್ವವಿದ್ಯಾಲಯಗಳನ್ನು ಒಂದೇ ಶಾಸನದ ಅಡಿಗೆ ತಂದಿತು. ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯ, ಸೂರತ್ತಿನ ವೀರ ನರ್ಮದ್ ದಕ್ಷಿಣ ಗುಜರಾತ್ ವಿಶ್ವವಿದ್ಯಾಲಯ, ವಡೋದರದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಈ ಮೂರೂ ಆ ಪಟ್ಟಿಯಲ್ಲಿವೆ. ನಮ್ಮ ಮಕ್ಕಳು ಓದುವುದು ಬಹುಪಾಲು ಈ ಮೂರು ಊರುಗಳಲ್ಲಿಯೇ ಆದ್ದರಿಂದ, ಈ ಶಾಸನವು ನಮ್ಮ ಮನೆಯ ಹೊಸ್ತಿಲವರೆಗೂ ಬಂದಿದೆಯೆಂದೇ ಹೇಳಬೇಕು. ಸೆನೆಟ್, ಸಿಂಡಿಕೇಟ್ ಎಂಬ ಹಳೆಯ ಸಭೆಗಳು ಹೋಗಿ ಅವುಗಳ ಸ್ಥಾನದಲ್ಲಿ ಆಡಳಿತ ಮಂಡಳಿಗಳು ಬಂದವು. ನೋಂದಾಯಿತ ಪದವೀಧರರು ತಮ್ಮ ಪ್ರತಿನಿಧಿಗಳನ್ನು ಚುನಾಯಿಸಿ ಸೆನೆಟ್ಟಿಗೆ ಕಳುಹಿಸುತ್ತಿದ್ದ ಪದ್ಧತಿಯೂ ಅದರೊಡನೆಯೇ ಮುಗಿಯಿತು.

ಈ ವಿಷಯದಲ್ಲಿ ಪರ-ವಿರೋಧ ಚರ್ಚೆಗಳು ಆಗ ಸಾಕಷ್ಟು ನಡೆದವು. ಅವುಗಳಲ್ಲಿ ಹೆಚ್ಚಿನವು ಎಂಜಿನಿಯರಿಂಗ್, ವಾಣಿಜ್ಯ, ವಿಜ್ಞಾನ ವಿಭಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದ ಚರ್ಚೆಗಳು. ನಾವಿಲ್ಲಿ ಅದನ್ನು ಒಂದು ಸಂಗೀತ ವಿಭಾಗದ ಕಡೆಯಿಂದ ನೋಡಲು ಯತ್ನಿಸುತ್ತೇವೆ. ಕಾರಣವಿಷ್ಟೇ: ವಡೋದರದ ಸೂರಸಾಗರ ಕೆರೆಯ ಬದಿಯಲ್ಲಿರುವ ಸಂಗೀತ ಮಹಾವಿದ್ಯಾಲಯವು ಗುಜರಾತಿನ ಆಸ್ತಿಯಾಗಿರುವಂತೆಯೇ ಕನ್ನಡ ನಾಡಿನ ಸಂಗೀತ ಚರಿತ್ರೆಯೊಡನೆಯೂ ಗಾಢವಾದ ನಂಟು ಹೊಂದಿದೆ. ಆ ನಂಟನ್ನು ಅರಿಯದೆ ನಾವು ಅದರ ಪಕ್ಕದಲ್ಲಿಯೇ ದಶಕಗಟ್ಟಲೆ ಸಂಸಾರ ಹೂಡಿದ್ದೇವೆ. ಹಿತ್ತಲ ಗಿಡ ಮದ್ದಲ್ಲ ಎಂಬ ನಾಣ್ಣುಡಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಮೈಸೂರಿನ ದಾರಿಯಿಂದ ಬಂದ ಶಾಲೆ

ಮಹಾರಾಜಾ ಮೂರನೆಯ ಸಯಾಜಿರಾವ್ ಗಾಯಕವಾಡರು 1886ರಲ್ಲಿ ಬರೋಡೆಯಲ್ಲಿ ಗಾಯನಶಾಲೆಯನ್ನು ತೆರೆದಾಗ ಅದರ ಹೊಣೆಯನ್ನು ವಹಿಸಿಕೊಂಡವರು ಮೌಲಾಬಕ್ಷ್ (1833–1896). ಉತ್ತರ ಭಾರತದಲ್ಲಿ ಹುಟ್ಟಿದ ಇವರು ದಕ್ಷಿಣಕ್ಕೆ ಬಂದು, ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿ, ಮೈಸೂರು ಆಸ್ಥಾನದಲ್ಲಿ ಗೌರವ ಪಡೆದವರು. ಅವರ ಪತ್ನಿ ಟೀಪು ಸುಲ್ತಾನನ ವಂಶದವರು ಎಂಬ ನಂಬಿಕೆ ಆ ಕುಟುಂಬದಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಉತ್ತರಾದಿ ಮತ್ತು ದಕ್ಷಿಣಾದಿ ಪದ್ಧತಿಗಳೆರಡನ್ನೂ ಬಲ್ಲವರಾದ ಮೌಲಾಬಕ್ಷ್ ಅವರು ಸ್ವರಲಿಪಿಯೊಂದನ್ನು ರೂಪಿಸಿ, ತರಗತಿಯಲ್ಲಿ ಅನೇಕರಿಗೆ ಒಟ್ಟಿಗೆ ಪಾಠ ಹೇಳುವ ಕ್ರಮವನ್ನು ಜಾರಿಗೆ ತಂದರು. ಒಬ್ಬ ಗುರುವಿನ ಎದುರು ಒಬ್ಬ ಶಿಷ್ಯ ವರ್ಷಾನುಗಟ್ಟಲೆ ಕೂರಬೇಕಾಗಿದ್ದ ಕಾಲದಲ್ಲಿ, ಗಂಟೆ ಹೊಡೆದೊಡನೆ ಶುರುವಾಗಿ ಗಂಟೆ ಹೊಡೆದೊಡನೆ ಮುಗಿಯುವ ಸಂಗೀತದ ಪಾಠ ಎಂಬುದು ಅನೇಕ ಉಸ್ತಾದರಿಗೆ ಅರಗದ ಮಾತಾಗಿತ್ತು.

ಈ ಮನೆತನದಲ್ಲಿಯೇ ಶಾಲೆಯ ಅತ್ಯಂತ ಪ್ರಸಿದ್ಧ ಹಳೆಯ ವಿದ್ಯಾರ್ಥಿಯೂ ಹುಟ್ಟಿದರು. ಮೌಲಾಬಕ್ಷ್ ಅವರ ಮಗಳ ಮಗ ಇನಾಯತ್ ಖಾನ್ 1882ರಲ್ಲಿ ಬರೋಡೆಯಲ್ಲಿ ಜನಿಸಿ, ಅಜ್ಜನ ಮನೆಯಲ್ಲಿ ಬೆಳೆದು, ಅಜ್ಜನ ಶಾಲೆಯಲ್ಲಿ ಕಲಿತು, 1910ರಲ್ಲಿ ಅಮೆರಿಕೆಗೆ ತೆರಳಿ ಭಾರತೀಯ ಸಂಗೀತವನ್ನೂ ಸೂಫಿ ತತ್ತ್ವವನ್ನೂ ಪಾಶ್ಚಾತ್ಯರಿಗೆ ಪರಿಚಯಿಸಿದರು. ಇತ್ತ ನೃತ್ಯದ ಕಥೆ ತಂಜಾವೂರಿನಿಂದ ಆರಂಭವಾಗುತ್ತದೆ. 1880ರಲ್ಲಿ ಸಯಾಜಿರಾಯರನ್ನು ವಿವಾಹವಾದ ತಂಜಾವೂರಿನ ರಾಜಕುಮಾರಿಯೊಡನೆ ನರ್ತಕಿಯರೂ ವಾದ್ಯಗಾರರೂ ಬರೋಡೆಗೆ ಬಂದು ನೆಲೆಸಿದರು. ಗುಜರಾತಿ ನೆಲದಲ್ಲಿ ಭರತನಾಟ್ಯ ಬೇರೂರಿದ್ದು ಹೀಗೆ.

ಇದನ್ನೆಲ್ಲ ಇಲ್ಲಿ ನೆನೆಯುವುದು ಬರಿಯ ಹೆಮ್ಮೆಗಾಗಿ ಅಲ್ಲ. ಬರೋಡೆಯ ಸಂಗೀತ ಶಿಕ್ಷಣವು ಮೊದಲ ದಿನದಿಂದಲೂ ಹೊರನಾಡಿನಿಂದ ಬಂದವರ ಕೈಯಿಂದಲೇ ಕಟ್ಟಲ್ಪಟ್ಟಿತು ಎಂಬ ಸಂಗತಿಯನ್ನು ಹೊರನಾಡ ಕನ್ನಡಿಗರಾದ ನಾವು ಗಮನಿಸಬೇಕು.

ಬರೋಡೆಯಿಂದ ಕನ್ನಡಕ್ಕೆ ಎರಡು ಹಾದಿಗಳು

ಬರೋಡೆಯ ಆಸ್ಥಾನದಿಂದ ಕನ್ನಡ ನಾಡಿಗೆ ಸಂಗೀತ ಹರಿದು ಬಂದ ಹಾದಿಗಳಲ್ಲಿ ಎರಡು ಮುಖ್ಯವಾದವು.

ಮೊದಲನೆಯದು ಕಿರಾಣಾ ಘರಾಣೆಯ ಹಾದಿ. 19ನೆಯ ಶತಮಾನದ ಕೊನೆಯ ದಶಕದಲ್ಲಿ ಬರೋಡೆಯಲ್ಲಿ ಆಸ್ಥಾನ ಗಾಯಕರಾಗಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು ಅಲ್ಲಿನ ಸರದಾರ ಮನೆತನದ ತಾರಾಬಾಯಿ ಮಾನೆಯವರನ್ನು ವರಿಸಿ ಊರು ಬಿಟ್ಟು ಮುಂಬಯಿಗೂ ಬಳಿಕ ಮಿರಜಿಗೂ ಹೋದರು. ಅವರ ಮಗಳು ಹೀರಾಬಾಯಿ ಬರೋಡೇಕರ್ ಅವರ ಅಡ್ಡಹೆಸರಿನಲ್ಲಿ ಆ ಊರು ಇಂದಿಗೂ ಉಳಿದಿದೆ. ಮಿರಜಿನಿಂದ ಹುಬ್ಬಳ್ಳಿ-ಧಾರವಾಡ ದೂರವಲ್ಲ. ಖಾನರು ಮೈಸೂರಿಗೆ ಹೋಗಿ ಬರುವ ದಾರಿಯೂ ಅದೇ. ಹೀಗೆ ಕುಂದಗೋಳದ ರಾಮಭಾವು ಅವರಿಗೆ ಖಾನರ ಶಿಷ್ಯತ್ವ ದೊರೆಯಿತು. ಅವರೇ ಮುಂದೆ ಸವಾಯಿ ಗಂಧರ್ವರೆನಿಸಿದರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇವರ ಗಾಯನವೆಲ್ಲ ಆ ಮೂಲದಿಂದ ಹರಿದು ಬಂದದ್ದು. ಬರೋಡೆಯಲ್ಲಿ ಒಂದು ಪ್ರೇಮವಿವಾಹ ನಡೆಯದೆ ಹೋಗಿದ್ದರೆ ಧಾರವಾಡದ ಸಂಗೀತ ಯಾವ ರೂಪ ತಾಳುತ್ತಿತ್ತೋ ಹೇಳಬಲ್ಲವರಾರು?

ಎರಡನೆಯದು ಆಗ್ರಾ ಘರಾಣೆಯ ಹಾದಿ. ಬರೋಡೆಯ ಆಸ್ಥಾನವನ್ನು ದಶಕಗಳ ಕಾಲ ಬೆಳಗಿದ ಉಸ್ತಾದ್ ಫಯಾಜ್ ಖಾನರಿಗೆ ಸಂಗೀತದ ಸೂರ್ಯ ಎಂಬ ಅರ್ಥದ 'ಆಫ್ತಾಬ್-ಎ-ಮೌಸಿಕಿ' ಬಿರುದನ್ನಿತ್ತದ್ದು ಮೈಸೂರು ಆಸ್ಥಾನ. ಪಂಡಿತ ಭಾತಖಂಡೆಯವರ ಶಿಷ್ಯರಾದ ಶ್ರೀಕೃಷ್ಣ ರಾತಂಜನಕರರು 1917ರಲ್ಲಿ ಬರೋಡೆ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಫಯಾಜ್ ಖಾನರಲ್ಲಿ ಕಲಿತರು. ಮುಂದೆ ಲಖನೌದ ಸಂಗೀತ ಕಾಲೇಜಿನ ಪ್ರಾಚಾರ್ಯರಾದರು. ಅಲ್ಲಿಗೆ ಅವರನ್ನು ಅರಸಿಕೊಂಡು ಹೋದವರಲ್ಲಿ ಬೈಲಹೊಂಗಲದ ಕೆ. ಜಿ. ಗಿಂಡೆ, ಬೆಂಗಳೂರಿನ ಚಿದಾನಂದ ನಗರಕರ ಇದ್ದರು, ಎಸ್. ಸಿ. ಆರ್. ಭಟ್, ದಿನಕರ ಕಾಯ್ಕಿಣಿ ಇದ್ದರು. ಒಂದು ಸಂಸ್ಥಾನವು ಒಬ್ಬ ವಿದ್ಯಾರ್ಥಿಗೆ ಕೊಟ್ಟ ವೇತನ ಇಷ್ಟು ದೂರ ಫಲ ಕೊಟ್ಟಿತು. ಅದಕ್ಕೂ ಒಂದು ವರ್ಷ ಮೊದಲು, 1916ರಲ್ಲಿ, ಭಾತಖಂಡೆಯವರ ನೇತೃತ್ವದ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತು ನಡೆದದ್ದೂ ಬರೋಡೆಯಲ್ಲಿಯೇ.

ಈ ಎರಡು ಹಾದಿಗಳಲ್ಲಿಯೂ ಒಂದು ಸಾಮಾನ್ಯ ಅಂಶವಿದೆ. ಕಲಿತವರು ಕಲಿತು ಹೊರಟುಹೋಗಲಿಲ್ಲ. ಕಲಿತದ್ದನ್ನು ಬೇರೆ ಊರಿನಲ್ಲಿ ಬಿತ್ತಿದರು, ಗುರುವಿನ ಹೆಸರನ್ನು ಹೇಳಿಯೇ ಬಿತ್ತಿದರು. ನಮ್ಮ ಮುಂದಿರುವ ಪ್ರಶ್ನೆಗೆ ಇದೇ ಕೀಲಿಕೈ.

ವಿಶ್ವವಿದ್ಯಾಲಯದ ದಿನಗಳು

1949ರಲ್ಲಿ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಸ್ಥಾಪಿತವಾದಾಗ ಹಳೆಯ ಗಾಯನಶಾಲೆ ಅದರ ಅಂಗವಾಯಿತು. ಸಂಗೀತ, ನೃತ್ಯ, ನಾಟಕಗಳನ್ನು ಪದವಿ ತರಗತಿಯಲ್ಲಿ ಕಲಿಸಬಹುದು, ಅವುಗಳ ಮೇಲೆ ಸಂಶೋಧನೆ ನಡೆಸಬಹುದು ಎಂಬುದು ಆ ಕಾಲಕ್ಕೆ ಹೊಸ ವಿಚಾರ. ದೀರ್ಘಕಾಲ ಪ್ರಾಚಾರ್ಯರಾಗಿದ್ದ ಪ್ರೊ. ಆರ್. ಸಿ. ಮೆಹತಾ (1918–2014) ಅವರು 1970ರಲ್ಲಿ ಬರೋಡೆಯಲ್ಲಿ ಭಾರತೀಯ ಸಂಗೀತಶಾಸ್ತ್ರ ಸಂಘವನ್ನು ಕಟ್ಟಿ, ಅದರ ಪತ್ರಿಕೆಯ ಮೂಲಕ ಸಂಗೀತದ ಬಗೆಗೆ ಬರೆಯುವ ಒಂದು ಶಿಸ್ತನ್ನೇ ಬೆಳೆಸಿದರು. 2009ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಅಜರಾಡಾ ಘರಾಣೆಯ ಸುಧೀರಕುಮಾರ ಸಕ್ಸೇನಾ ಅವರು ತಬಲಾವನ್ನು ಪದವಿಯ ವಿಷಯವನ್ನಾಗಿ ಕಲಿಸಿದರು. ಕಲಾಕ್ಷೇತ್ರದಲ್ಲಿ ಕಲಿತ ಸಿ. ವಿ. ಚಂದ್ರಶೇಖರ್ ಅವರು ನೃತ್ಯ ವಿಭಾಗದಲ್ಲಿ ಬೋಧಿಸಿ ಡೀನ್ ಪದವಿಯವರೆಗೂ ಏರಿದರು. 2024ರಲ್ಲಿ ಅವರು ನಿಧನರಾದಾಗ ದಕ್ಷಿಣೋತ್ತರಗಳೆರಡರಲ್ಲಿಯೂ ಶಿಷ್ಯರು ಕಂಬನಿ ಮಿಡಿದರು.

ಗುಜರಾತು ಪಡೆದುಕೊಂಡದ್ದನ್ನು ಮರಳಿ ಕೊಟ್ಟದ್ದೂ ಉಂಟು. ಸೂರತ್ತಿಗೂ ವಡೋದರಕ್ಕೂ ನಡುವಣ ಭರೂಚಿನಲ್ಲಿ ಬೆಳೆದ ಪಂಡಿತ ಓಂಕಾರನಾಥ ಠಾಕೂರರು (1897–1967) ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯದ ಮೊದಲ ಮುಖ್ಯಸ್ಥರಾಗಿ ಅದನ್ನು ಕಟ್ಟಿದರು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರಂತಹ ಕಲಾವಿದರನ್ನು ಗೌರವದಿಂದ ಕರೆದು ತನ್ನ ವಿದ್ಯಾರ್ಥಿಗಳ ಎದುರು ಕೂರಿಸಿದ್ದೂ, 2009ರಲ್ಲಿ ಮೈಸೂರಿನಲ್ಲಿ ಗಂಗೂಬಾಯಿಯವರ ಹೆಸರಿನಲ್ಲಿಯೇ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೂ ಇದೇ ಪರಂಪರೆಯ ಮುಂದುವರಿಕೆ.

ತಾಲೀಮಿನ ಲೆಕ್ಕಾಚಾರ

ಇನ್ನು ವರ್ತಮಾನಕ್ಕೆ ಬರೋಣ. ಗುಜರಾತಿನ ವಿಶ್ವವಿದ್ಯಾಲಯಗಳಲ್ಲಿ 2023-24ರ ಶೈಕ್ಷಣಿಕ ವರ್ಷದಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಅನುಸಾರದ ಪದವಿ ಶಿಕ್ಷಣ ಆರಂಭವಾಯಿತು. ಯುಜಿಸಿ 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್‌ಗಳು ಬೇಕು. ಅವುಗಳಲ್ಲಿ ಪ್ರಧಾನ ವಿಷಯಕ್ಕೆ ಕನಿಷ್ಠ 60. ಪ್ರಾಯೋಗಿಕ ಪಾಠಕ್ಕೆ ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿನಲ್ಲಿ 30 ಗಂಟೆ.

ಈ ಚೌಕಟ್ಟನ್ನು ಯಥಾವತ್ತಾಗಿ ಅನ್ವಯಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡೋಣ. ಪ್ರಧಾನ ವಿಷಯದ 60 ಕ್ರೆಡಿಟ್‌ಗಳೆಲ್ಲವನ್ನೂ ಹಾಡುವುದಕ್ಕೇ ಮೀಸಲಿಟ್ಟರೂ ಮೂರು ವರ್ಷಗಳಲ್ಲಿ 1800 ಗಂಟೆಗಳಾಗುತ್ತವೆ. ವರ್ಷದ ಎಲ್ಲ ದಿನಗಳಿಗೂ ಹಂಚಿದರೆ ದಿನಕ್ಕೆ ಒಂದೂಮುಕ್ಕಾಲು ಗಂಟೆಗೂ ಕಡಿಮೆ. ಇದರಲ್ಲಿಯೇ ಸಂಗೀತಶಾಸ್ತ್ರ, ಇತಿಹಾಸ ಮೊದಲಾದ ಪಾಠಗಳನ್ನೂ ಕಳೆಯಬೇಕು. ನಾಲ್ಕು ವರ್ಷದ ಪದವಿಗೆ 160ರಲ್ಲಿ 80 ಕ್ರೆಡಿಟ್; ಅಲ್ಲಿಯೂ ಪ್ರಮಾಣ ಅದೇ. ಭೀಮಸೇನರು ಗುರುವಿನ ಮನೆಯಲ್ಲಿ ಕೊಡ ಹೊತ್ತು ನೀರು ತಂದು ಕಲಿತದ್ದನ್ನೂ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಕಲಿತದ್ದನ್ನೂ ಕೇಳಿ ಬೆಳೆದ ನಮಗೆ ಈ ಲೆಕ್ಕ ಸಣ್ಣದಾಗಿ ಕಾಣುವುದು ಸಹಜ.

ಹಾಗೆಂದು ನೀತಿಯನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವಾಗದು. ಸಂಗೀತದ ವಿದ್ಯಾರ್ಥಿ ಭಾಷೆಯನ್ನೂ ಲೆಕ್ಕಪತ್ರವನ್ನೂ ಧ್ವನಿಮುದ್ರಣವನ್ನೂ ಅಷ್ಟಿಷ್ಟು ಕಲಿತರೆ ಆತನ ಜೀವನೋಪಾಯಕ್ಕೆ ನೆರವಾಗುತ್ತದೆ. ವಿಜ್ಞಾನ ಓದುವ ಹುಡುಗಿ ಸಿತಾರನ್ನು ಉಪವಿಷಯವಾಗಿ ಆರಿಸಿಕೊಳ್ಳಬಹುದಾದರೆ ಅದು ಸಂತೋಷದ ಮಾತೇ. ಆದರೆ ಹಾಡುತ್ತಾ ಹಾಡುತ್ತಾ ರಾಗ ಎಂಬ ಗಾದೆಗೆ ಕ್ರೆಡಿಟ್ ವ್ಯವಸ್ಥೆಯಲ್ಲಿ ಪರ್ಯಾಯವಿಲ್ಲ. ವಿಶ್ವವಿದ್ಯಾಲಯ ಕೊಡಬಲ್ಲ ಗಂಟೆಗಳಿಗೂ ಸಂಗೀತ ಬೇಡುವ ಗಂಟೆಗಳಿಗೂ ನಡುವೆ ಒಂದು ದೊಡ್ಡ ಅಂತರ ಹಿಂದೆಯೂ ಇತ್ತು, ಈಗಲೂ ಇದೆ. ಆ ಅಂತರವನ್ನು ತುಂಬುವವರು ಯಾರು? ಗುರುವಿನ ಮನೆ, ಊರಿನ ಸಂಗೀತ ಸಭೆ, ಮತ್ತು ಮೊದಲು ಕಲಿತುಹೋದ ಹಿರಿಯ ವಿದ್ಯಾರ್ಥಿಗಳು. ಅಂದರೆ ವಿಭಾಗದ ಗೋಡೆಗಳ ಹೊರಗಿರುವ ಜನ.

ಕಾಯಿದೆಯ ಮಾತು

ಇಲ್ಲಿಯೇ 2023ರ ಕಾಯಿದೆ ಮುಖ್ಯವಾಗುವುದು. ಸರ್ಕಾರದ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಸೆನೆಟ್ ಚುನಾವಣೆಗಳು ಎಷ್ಟೋ ಕಡೆ ಪಕ್ಷ ರಾಜಕೀಯದ ಅಖಾಡಗಳಾಗಿದ್ದವು. ನಿರ್ಣಯಗಳು ತಿಂಗಳುಗಟ್ಟಲೆ ನೆನೆಗುದಿಗೆ ಬೀಳುತ್ತಿದ್ದವು. 11 ವಿಶ್ವವಿದ್ಯಾಲಯಗಳಿಗೆ ಬೇರೆ ಬೇರೆ ಕಾಯಿದೆಗಳಿರುವುದರಿಂದ ಗೊಂದಲವಾಗುತ್ತಿತ್ತು. ವಿರೋಧಿಸಿದವರ ವಾದವೂ ಅಷ್ಟೇ ತೂಕದ್ದು: ಸ್ವಾಯತ್ತತೆ ಕುಗ್ಗುತ್ತದೆ, ಚುನಾಯಿತರ ಸ್ಥಾನದಲ್ಲಿ ನಿಯೋಜಿತರು ಬರುತ್ತಾರೆ, ಪ್ರಶ್ನೆ ಕೇಳುವವರು ಇಲ್ಲವಾಗುತ್ತಾರೆ.

ಸಂಗೀತ ವಿಭಾಗದ ದೃಷ್ಟಿಯಿಂದ ಇದಕ್ಕೆ ಇನ್ನೊಂದು ಮುಖವಿದೆ. ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಸಂಗೀತ ವಿಭಾಗವು ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಸಣ್ಣದು, ತಲಾ ವೆಚ್ಚದಲ್ಲಿ ದೊಡ್ಡದು. ವಾಣಿಜ್ಯದ ತರಗತಿಯಲ್ಲಿ ಒಬ್ಬ ಅಧ್ಯಾಪಕ ನೂರು ಮಂದಿಗೆ ಪಾಠ ಹೇಳಬಲ್ಲ. ಖ್ಯಾಲಿನ ವಿಲಂಬಿತ ಲಯವನ್ನು ನೂರು ಮಂದಿಗೆ ಒಟ್ಟಿಗೆ ಕಲಿಸಬಲ್ಲ ಗುರು ಇನ್ನೂ ಹುಟ್ಟಿಲ್ಲ. ಗಾಯನದ ತರಗತಿಗೆ ತಬಲಾ ಸಾಥಿ ಬೇಕು, ನೃತ್ಯದ ತರಗತಿಗೆ ನಟ್ಟುವಾಂಗ, ಮೃದಂಗ, ಹಾಡುಗಾರಿಕೆ ಬೇಕು. ಖಾಲಿಯಾದ ಒಂದು ಹುದ್ದೆ ತುಂಬದೆ ಉಳಿದರೆ ಇತರ ವಿಭಾಗಗಳಲ್ಲಿ ಪಾಠದ ಹೊರೆ ಹಂಚಿಹೋಗುತ್ತದೆ. ಇಲ್ಲಿ ಒಂದು ವಾದ್ಯವೇ ಮೌನವಾಗುತ್ತದೆ. ಇಂಥ ವಿಭಾಗದ ಪರವಾಗಿ, ಎಣಿಕೆಯ ಭಾಷೆಯನ್ನು ಬಿಟ್ಟು ಮಾತನಾಡಬಲ್ಲ ಜನ ಸಭೆಯಲ್ಲಿರಬೇಕು. ಅಲ್ಲಿ ಕಲಿತುಹೋದವರಷ್ಟು ಅಧಿಕಾರದಿಂದ ಆ ಮಾತನ್ನಾಡಬಲ್ಲವರು ಮತ್ತಾರು? ಆ ಪೀಠಕ್ಕೆ ಚುನಾವಣೆಯಿಂದ ಹೋಗುವ ಬಾಗಿಲು ಮುಚ್ಚಿತು.

ಆದರೆ ಬಾಗಿಲು ತೆರೆದಿದ್ದ ಕಾಲದಲ್ಲಿ ನಾವೇನು ಮಾಡಿದೆವು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗುತ್ತದೆ. ವಡೋದರದಲ್ಲಿ ಓದಿ ಪದವಿ ಪಡೆದ ನಮ್ಮ ಮನೆಗಳವರಲ್ಲಿ ಎಷ್ಟು ಜನ ನೋಂದಾಯಿತ ಪದವೀಧರರ ಪಟ್ಟಿಯಲ್ಲಿ ಹೆಸರು ಬರೆಸಿದ್ದರು? ಮತ ಹಾಕಲು ಹೋದವರೆಷ್ಟು ಮಂದಿ? ಪದವೀದಾನದ ದಿನ ತೆಗೆಸಿಕೊಂಡ ಭಾವಚಿತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಸಂಸ್ಥೆಯೊಡನೆ ಲೆಕ್ಕ ಚುಕ್ತಾ ಆಯಿತೆಂದು ತಿಳಿಯುವವರೇ ನಮ್ಮಲ್ಲಿ ಹೆಚ್ಚು. ಬಳಸದ ಹಕ್ಕು ಕಳೆದುಹೋದಾಗ ದುಃಖವೂ ತಡವಾಗಿಯೇ ಬರುತ್ತದೆ.

ಘರಾಣೆಯೆಂಬ ಹಳೆಯ ವಿದ್ಯಾರ್ಥಿ ಸಂಘ

ಹಳೆಯ ವಿದ್ಯಾರ್ಥಿಗಳ ಸಂಘ ಎಂಬ ಕಲ್ಪನೆ ಪಾಶ್ಚಾತ್ಯ ವಿಶ್ವವಿದ್ಯಾಲಯಗಳಿಂದ ಬಂದದ್ದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಸಂಗೀತದ ಮಟ್ಟಿಗೆ ಅದು ನಮಗೆ ಹೊಸತಲ್ಲ. ಘರಾಣೆ ಎಂದರೆ ಅದೇ ತಾನೆ? ಗುರುವಿನ ಪುಣ್ಯತಿಥಿಯಂದು ಶಿಷ್ಯರೆಲ್ಲ ಒಂದೆಡೆ ಸೇರುತ್ತಾರೆ, ಒಬ್ಬೊಬ್ಬರೂ ಹಾಡಿ ಸೇವೆ ಸಲ್ಲಿಸುತ್ತಾರೆ; ಹಿರಿಯರು ಕಿರಿಯರನ್ನು ಕೇಳುತ್ತಾರೆ, ತಪ್ಪಿದ್ದರೆ ಅಲ್ಲಿಯೇ ತಿದ್ದುತ್ತಾರೆ. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಭೀಮಸೇನ ಜೋಶಿಯವರು ಮುಂದೆ ನಿಂತು ಪುಣೆಯಲ್ಲಿ 1953ರಲ್ಲಿ ಆರಂಭಿಸಿದ ಸ್ಮರಣೋತ್ಸವ ದೇಶದ ದೊಡ್ಡ ಸಂಗೀತೋತ್ಸವಗಳಲ್ಲಿ ಒಂದಾಗಿ ಬೆಳೆಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಸ್ಮರಣೆಗೆ ನಾಡಿನ ಮೂಲೆಮೂಲೆಗಳಿಂದ ಶಿಷ್ಯರು ಬರುತ್ತಾರೆ. ಅಲ್ಲಿ ಯಾರೂ ಸದಸ್ಯತ್ವದ ಅರ್ಜಿ ತುಂಬಿದವರಲ್ಲ.

ಈ ಋಣಭಾವ ವಿಶ್ವವಿದ್ಯಾಲಯದ ವಿಭಾಗಕ್ಕೆ ಏಕೆ ಅಷ್ಟಾಗಿ ಹರಿದು ಬರುವುದಿಲ್ಲ? ನಮ್ಮ ಅಭಿಪ್ರಾಯದಲ್ಲಿ ಕಾರಣ ಸರಳ. ಶಿಷ್ಯನು ಗುರುವಿಗೆ ಋಣಿಯಾಗಿರುತ್ತಾನೆ, ಕಚೇರಿಗೆ ಋಣಿಯಾಗುವುದಿಲ್ಲ. ಅಧ್ಯಾಪಕರು ನಿವೃತ್ತರಾದೊಡನೆ ಹಳೆಯ ವಿದ್ಯಾರ್ಥಿಗೆ ಆ ಕಟ್ಟಡದಲ್ಲಿ ಪರಿಚಿತರು ಯಾರೂ ಉಳಿಯುವುದಿಲ್ಲ. ತಾತ್ಕಾಲಿಕ ನೇಮಕಾತಿಗಳು ಹೆಚ್ಚಿದಷ್ಟೂ ಈ ಎಳೆ ಇನ್ನಷ್ಟು ತೆಳುವಾಗುತ್ತದೆ. ಐದು ವರ್ಷ ಒಬ್ಬರೇ ಗುರುವಿನ ಬಳಿ ಕಲಿತವನಿಗೂ ಐದು ವರ್ಷಗಳಲ್ಲಿ ಐದು ಮಂದಿಯ ಬಳಿ ಕಲಿತವನಿಗೂ ವ್ಯತ್ಯಾಸವಿರುತ್ತದೆ. ಎರಡನೆಯವನಿಗೆ ಬಂದಿಶುಗಳು ಹೆಚ್ಚು ತಿಳಿದಿರಬಹುದು. ಹಿಂತಿರುಗಿ ಬರಲು ಮನೆಯೊಂದು ಇರುವುದಿಲ್ಲ.

ನೆನಪನ್ನು ಕಾಯುವವರು ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ವಡೋದರದಲ್ಲಿಯೇ ಒಂದು ನೋವಿನ ಉದಾಹರಣೆಯಿದೆ. 1950ರಲ್ಲಿ ತೀರಿಕೊಂಡ ಫಯಾಜ್ ಖಾನರ ಸಮಾಧಿ 2002ರ ಗಲಭೆಗಳಲ್ಲಿ ಹಾನಿಗೊಳಗಾಯಿತು. ಕಲ್ಲನ್ನು ಮತ್ತೆ ಜೋಡಿಸಬಹುದು. ಇಲ್ಲಿ ಮಲಗಿರುವವರು ಈ ಊರಿಗೆ ಏನನ್ನು ಕೊಟ್ಟರು ಎಂಬುದನ್ನು ಮುಂದಿನ ತಲೆಮಾರಿಗೆ ಹೇಳುವ ಕೆಲಸವನ್ನು ಕಲ್ಲು ಮಾಡಲಾರದು. ಅದನ್ನು ಹಾಡುವವರೂ ಕೇಳುವವರೂ ಮಾಡಬೇಕು.

ಇದಕ್ಕೆ ಪ್ರತಿಯಾಗಿ ಅಹಮದಾಬಾದಿನ ಅನುಭವ ಆಶಾದಾಯಕವಾಗಿದೆ. ತಬಲಾ ವಾದಕ ನಂದನ್ ಮೆಹತಾ ಮತ್ತು ಸಿತಾರ್ ವಾದಕಿ ಮಂಜು ಮೆಹತಾ ದಂಪತಿ 1980ರಲ್ಲಿ ಆರಂಭಿಸಿದ ಸಪ್ತಕ್ ಸಂಗೀತ ಶಾಲೆಯು ಪ್ರತಿ ವರ್ಷ ಜನವರಿ 1ರಿಂದ 13ರವರೆಗೆ, ಉತ್ತರಾಯಣದ ಗಾಳಿಪಟಗಳು ಆಕಾಶ ತುಂಬುವ ಮುನ್ನ, ಸಂಗೀತೋತ್ಸವ ನಡೆಸುತ್ತದೆ. 2010ರಲ್ಲಿ ನಂದನ್ ಅವರೂ 2024ರಲ್ಲಿ ಮಂಜು ಅವರೂ ಇಲ್ಲವಾದ ಮೇಲೂ ಅದು ನಿಲ್ಲಲಿಲ್ಲ. ಸ್ಥಾಪಕರ ಕಾಲಾನಂತರವೂ ಒಂದು ಸಂಸ್ಥೆ ನಡೆಯುವುದು ಅಲ್ಲಿ ಕಲಿತವರು ಅದನ್ನು ತಮ್ಮದೆಂದು ಭಾವಿಸಿದಾಗ ಮಾತ್ರ. ಮೃಣಾಲಿನಿ ಸಾರಾಭಾಯಿ 1949ರಲ್ಲಿ ಕಟ್ಟಿದ ದರ್ಪಣ, 2025ರಲ್ಲಿ ಅಗಲಿದ ಕುಮುದಿನಿ ಲಾಖಿಯಾ ಅವರ ಕದಂಬ್, ಇವೆರಡೂ ಇದೇ ಪಾಠ ಹೇಳುತ್ತವೆ. ಖಾಸಗಿ ಸಂಸ್ಥೆಗಳು ಗಳಿಸಿಕೊಂಡ ಈ ಆತ್ಮೀಯತೆಯನ್ನು ಸಾರ್ವಜನಿಕ ವಿಶ್ವವಿದ್ಯಾಲಯದ ವಿಭಾಗವೊಂದು ಗಳಿಸಿಕೊಳ್ಳಲಾರದೆ? ಬಡವರ ಮಕ್ಕಳು ಕಡಿಮೆ ಶುಲ್ಕದಲ್ಲಿ ಸಂಗೀತದ ಪದವಿ ಪಡೆಯುವುದು ಸಾರ್ವಜನಿಕ ಸಂಸ್ಥೆಯಲ್ಲಿಯೇ ಎಂಬುದನ್ನು ಮರೆಯಬಾರದು.

ನಾವೇನು ಮಾಡಬಹುದು

ಬ್ಯಾಂಕು, ತೈಲ ನಿಗಮ, ಸಂಶೋಧನಾ ಕೇಂದ್ರ, ಜವಳಿ ವ್ಯಾಪಾರ, ಉಪಾಹಾರ ಗೃಹ ಹೀಗೆ ನಾನಾ ನಿಮಿತ್ತಗಳಿಂದ ಈ ಮೂರು ನಗರಗಳಿಗೆ ಬಂದು ನೆಲೆನಿಂತ ನಮ್ಮ ಕುಟುಂಬಗಳಲ್ಲಿ ಸಂಗೀತಕ್ಕೆ ಕೊರತೆಯಿಲ್ಲ. ಮಗಳು ಸಂಜೆ ಹಾಡು ಕಲಿಯುತ್ತಾಳೆ, ಮಗ ತಬಲಾ ಕಲಿಯುತ್ತಾನೆ, ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳಿಗೂ ಕೂರುತ್ತಾರೆ. ಹತ್ತನೆಯ ತರಗತಿ ಬಂದೊಡನೆ ತಂಬೂರಿಗೆ ಗವಸು ಬೀಳುತ್ತದೆ. ಸಂಗೀತವನ್ನೇ ಓದುತ್ತೇನೆಂದು ಯಾವ ಮಗುವಾದರೂ ಹೇಳಿದರೆ ಮನೆಯಲ್ಲಿ ಗ್ರಹಣ ಹಿಡಿದಂತಾಗುತ್ತದೆ. ಹೆತ್ತವರ ಆತಂಕ ಅಸಹಜವಲ್ಲ. ಸಂಗೀತದಿಂದ ಹೊಟ್ಟೆ ತುಂಬೀತೇ ಎಂಬ ಪ್ರಶ್ನೆಗೆ ಸುಲಭವಾದ ಉತ್ತರ ಯಾರ ಬಳಿಯೂ ಇಲ್ಲ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಆ ವಿಭಾಗದಲ್ಲಿ ಓದಿ ಹೊರಬಂದು ಶಾಲೆಗಳಲ್ಲಿ, ಆಕಾಶವಾಣಿಯಲ್ಲಿ, ರಂಗಭೂಮಿಯಲ್ಲಿ, ಧ್ವನಿಮುದ್ರಣದಲ್ಲಿ ಬದುಕು ಕಂಡುಕೊಂಡವರೇ. ಅವರನ್ನು ನಮ್ಮ ಸಂಘಗಳ ವೇದಿಕೆಗೆ ಕರೆದು ಕೇಳುವ ಪರಿಪಾಠವನ್ನು ನಾವು ಬೆಳೆಸಬೇಕು. ಗಣೇಶೋತ್ಸವಕ್ಕೂ ರಾಜ್ಯೋತ್ಸವಕ್ಕೂ ಬೆಂಗಳೂರಿನಿಂದಲೇ ಕಲಾವಿದರನ್ನು ಕರೆಸಬೇಕೆಂಬ ನಿಯಮವೇನಿಲ್ಲ. ವಡೋದರದ ಅಂತಿಮ ವರ್ಷದ ವಿದ್ಯಾರ್ಥಿಗೆ ಅರ್ಧ ಗಂಟೆಯ ವೇದಿಕೆ ಕೊಟ್ಟರೆ ಆತ ಮೂರು ತಿಂಗಳು ಹೆಚ್ಚು ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಾನೆ.

ಇನ್ನೊಂದು ಕೆಲಸವಿದೆ. ಸಂಗೀತದ ವಿದ್ಯಾರ್ಥಿಗೆ ಹಾಸ್ಟೆಲಿನಲ್ಲಿ ಬೆಳಗಿನ ಜಾವ ಖರ್ಜ ಸಾಧನೆ ಮಾಡುವುದು ಕಷ್ಟ. ಬಾಡಿಗೆ ಕೋಣೆಯಲ್ಲಿ ನೆರೆಯವರ ಆಕ್ಷೇಪ. ನಮ್ಮ ಸಂಘಗಳ ಸಭಾಗೃಹಗಳು ಇರುವಲ್ಲಿ ಅವು ವಾರದ ಹೆಚ್ಚಿನ ದಿನ ಬೀಗ ಹಾಕಿಕೊಂಡಿರುತ್ತವೆ. ದಿನಕ್ಕೆರಡು ಗಂಟೆ ಅಲ್ಲಿ ಕುಳಿತು ಅಭ್ಯಾಸ ಮಾಡಲು ಇಬ್ಬರು ಮೂವರಿಗೆ ಅನುವು ಮಾಡಿಕೊಟ್ಟರೆ ಖರ್ಚೇನು? ಅಹಮದಾಬಾದಿನಿಂದ ವಡೋದರ ಸುಮಾರು 110 ಕಿಲೋಮೀಟರ್, ಸೂರತ್ತಿನಿಂದ ಸುಮಾರು 130. ಮೂರು ನಗರಗಳ ನಡುವಿನಲ್ಲಿ ಈ ವಿಭಾಗವಿದೆ. ಮೂರೂ ಕಡೆಯ ನಮ್ಮ ಸಂಘಗಳು ಸೇರಿ ವರ್ಷಕ್ಕೊಬ್ಬ ವಿದ್ಯಾರ್ಥಿಗೆ ವೇತನ ಕೊಡುವುದು ಅಸಾಧ್ಯವೇನಲ್ಲ. 1917ರ ಒಂದು ವಿದ್ಯಾರ್ಥಿವೇತನ ಕನ್ನಡಕ್ಕೆ ಏನನ್ನು ತಂದಿತೆಂಬುದನ್ನು ಮೇಲೆ ನೋಡಿದೆವು. ಅದನ್ನು ಪಡೆಯುವವರು ಕನ್ನಡದವರೇ ಆಗಬೇಕೆಂಬ ಕಟ್ಟಳೆಯೂ ಬೇಡ. ಬರೋಡೆಯ ದೊರೆಗಳು ಅಂದು ಯಾರ ಮಾತೃಭಾಷೆಯನ್ನೂ ಕೇಳಿರಲಿಲ್ಲ.

ಮೂರನೆಯದಾಗಿ, ಈ ವಿಭಾಗದಲ್ಲಿ ಕಲಿತ ನಮ್ಮವರು ತಮ್ಮ ಬಳಿಯಿರುವ ಹಳೆಯ ಧ್ವನಿಮುದ್ರಿಕೆಗಳನ್ನು, ಗುರುಗಳು ಬರೆಸಿದ ಬಂದಿಶುಗಳ ನೋಟುಪುಸ್ತಕಗಳನ್ನು, ಕಾರ್ಯಕ್ರಮ ಪಟ್ಟಿಗಳನ್ನು ಪ್ರತಿ ಮಾಡಿಸಿ ವಿಭಾಗಕ್ಕೆ ಒಪ್ಪಿಸಬಹುದು. ಕಪಾಟಿನ ಕ್ಯಾಸೆಟ್ಟಿನ ಪಟ್ಟಿ ದಿನದಿನಕ್ಕೆ ಸವೆಯುತ್ತಿರುತ್ತದೆ. ಅದರಲ್ಲಿರುವ ಅರ್ಧ ತಾಸಿನ ಪಾಠ ಇಂದಿನ ವಿದ್ಯಾರ್ಥಿಗೆ ಒಂದು ಸೆಮಿಸ್ಟರಿನಷ್ಟು ಬೆಲೆಯುಳ್ಳದ್ದಾಗಿರಬಹುದು.

ವಿಭಾಗವೂ ತನ್ನ ಪಾಲಿನ ಹೆಜ್ಜೆ ಇಡಬೇಕು. ಹಳೆಯ ವಿದ್ಯಾರ್ಥಿಗಳ ಸಮಾವೇಶವೆಂದರೆ ಊಟ, ಭಾಷಣ, ಗುಂಪು ಭಾವಚಿತ್ರ ಎಂಬಷ್ಟಕ್ಕೆ ನಿಲ್ಲದೆ, ಗುರುಗಳ ಪುಣ್ಯತಿಥಿಯ ಸಂಗೀತ ಸೇವೆಯಾಗಿ ಅದು ಮಾರ್ಪಡಲಿ. ವರ್ಷಕ್ಕೊಂದು ದಿನ ಮೌಲಾಬಕ್ಷರಿಂದ ಚಂದ್ರಶೇಖರರವರೆಗಿನ ಹಿರಿಯರ ಹೆಸರಿನಲ್ಲಿ, ಹಳಬರೂ ಹೊಸಬರೂ ಒಂದೇ ಜಮಖಾನೆಯ ಮೇಲೆ ಕುಳಿತು ಹಾಡಲಿ. ಯುಜಿಸಿಯ 2018ರ ನಿಯಮಾವಳಿಯು ಹೆಸರಾಂತ ಗುರುಗಳಲ್ಲಿ ಕಲಿತ, ಆಕಾಶವಾಣಿಯ 'ಎ' ಶ್ರೇಣಿ ಪಡೆದ ಕಲಾವಿದರನ್ನು ಅಧ್ಯಾಪಕರನ್ನಾಗಿ ತೆಗೆದುಕೊಳ್ಳಲು ದಾರಿ ಮಾಡಿಕೊಟ್ಟಿತು. ಅಂಥ ಕಲಾವಿದರು ಹಳೆಯ ವಿದ್ಯಾರ್ಥಿಗಳಲ್ಲಿಯೇ ದೊರೆಯಬಹುದಲ್ಲವೆ? ಹೊಸ ಆಡಳಿತ ಮಂಡಳಿಯು ಕಾನೂನು ಬೇಡದಿದ್ದರೂ ವಿಭಾಗದ ಹಳೆಯ ವಿದ್ಯಾರ್ಥಿಗಳ ಸಲಹೆ ಕೇಳುವ ಸಂಪ್ರದಾಯವನ್ನು ತಾನಾಗಿಯೇ ಹಾಕಿಕೊಂಡರೆ ಅದರ ಗೌರವ ಕುಗ್ಗದು, ಹೆಚ್ಚೀತು.

ಗಾಯನಶಾಲೆ ತೆರೆದು ಸುಮಾರು 140 ವರ್ಷಗಳಾದವು. ಸಂಸ್ಥಾನ ಹೋಯಿತು, ಸೆನೆಟ್ ಹೋಯಿತು, ಶಾಲೆ ಉಳಿದಿದೆ. ಅದರ ನಿರ್ಣಯಗಳ ಮೇಲೆ ಮತ ಚಲಾಯಿಸುವ ಅಧಿಕಾರ ಪದವೀಧರರಿಗೆ ಈಗಿಲ್ಲದಿರಬಹುದು. ಅದರ ತರಗತಿಯಲ್ಲಿ ಕುಳಿತ ಹುಡುಗ ಹುಡುಗಿಯರ ಹಾಡನ್ನು ಕೇಳಲು ಹೋಗುವುದಕ್ಕೆ ಯಾವ ಕಾಯಿದೆಯ ಅನುಮತಿಯೂ ಬೇಕಿಲ್ಲ. ಮುಂದಿನ ಸಲ ವಡೋದರದ ಬಂಧುಗಳು ಸೂರಸಾಗರದ ಬದಿಯಲ್ಲಿ ಹಾದುಹೋಗುವಾಗ ಒಳಗೆ ಹೋಗಿ ಸೂಚನಾ ಫಲಕದಲ್ಲಿ ಮುಂದಿನ ವಿದ್ಯಾರ್ಥಿ ಕಛೇರಿ ಎಂದು ಇದೆಯೆಂದು ನೋಡಿಕೊಂಡು ಬರಲಿ. ಅಹಮದಾಬಾದ್, ಸೂರತ್ತಿನವರಿಗೂ ತಿಳಿಸಲಿ. ಕೇಳುಗರಾಗಿ ಹತ್ತು ಕುಟುಂಬಗಳು ಹೋಗಿ ಕುಳಿತರೂ ಕೆಲಸ ಆರಂಭವಾದಂತೆಯೇ.